ಎತ್ತರಿಸುವ ಮೊದಲು ಗಾಡಿಯ ಅಡಿಗೆ ಒಮ್ಮೆ ಮಲಗಿ ನೋಡಿ

ಮಳೆಗಾಲ ಬಂತೆಂದರೆ ಲಿಫ್ಟ್, ಅಂದರೆ ಗಾಡಿಯನ್ನು ಚಕ್ರದ ಮೇಲೆ ಇನ್ನಷ್ಟು ಎತ್ತರಿಸುವುದರ ಬಗ್ಗೆ ಕೇಳುವವರು ಜಾಸ್ತಿ. ಈ ಸಲ ಹೆಬ್ರಿಯ ಓದುಗರೊಬ್ಬರಿಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಯಾಕೆಂದರೆ ಇದೇ ಪ್ರಶ್ನೆ ಇನ್ನೂ ಹಲವರದ್ದು. ಉಳಿದವು ಚಿಕ್ಕವು.

ಪ್ರಶ್ನೆ: ನನ್ನದು 2021ರ ಥಾರ್, ಡೀಸೆಲ್, ಹಾರ್ಡ್ ಟಾಪ್, 18 ಇಂಚಿನ ಚಕ್ರ. ದಿನಾ ಹೆಬ್ರಿಯಿಂದ ಪೆರ್ಡೂರು, ಹಿರಿಯಡ್ಕ ದಾರಿಯಾಗಿ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. ಮನೆಯಿಂದ ಡಾಮರು ರಸ್ತೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಟಿಪ್ಪರ್ ಓಡಾಡಿ ಎರಡೂ ಬದಿ ಹೊಂಡವಾಗಿದೆ, ನಡುವಿನ ದಿಣ್ಣೆ ಗಾಡಿಯ ಅಡಿಗೆ ತಾಗುತ್ತದೆ. ಗೆಳೆಯರು ಮೂರು ಇಂಚು ಲಿಫ್ಟ್ ಹಾಕಿಸು ಅನ್ನುತ್ತಾರೆ. ಒಂದು ಗ್ಯಾರೇಜಿನವರು ಸ್ಪೇಸರ್ (ಸ್ಪ್ರಿಂಗಿಗೆ ಎತ್ತರ ಕೊಡುವ ದಪ್ಪ ಬಿಲ್ಲೆ) ಹಾಕಿ ಅರ್ಧ ದಿನದಲ್ಲಿ ಮುಗಿಸುತ್ತೇವೆ ಅಂದಿದ್ದಾರೆ. ಅಪ್ಪ, ಅಮ್ಮ ಇಬ್ಬರೂ ಇದೇ ಗಾಡಿಯಲ್ಲಿ ಓಡಾಡುವವರು. ಏನು ಮಾಡಲಿ?

ಉತ್ತರ: ಮೂರು ಇಂಚು ಬೇಡ. ಸ್ಪೇಸರ್ ಕೂಡ ಬೇಡ. ಲಿಫ್ಟ್ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಗಾಡಿಯ ಅಡಿಭಾಗವೇ ಹೇಳುತ್ತದೆ, ಅದನ್ನು ಮೊದಲು ಕೇಳಿ.

ಮಳೆ ಬಿಟ್ಟ ಒಂದು ದಿನ ಸ್ವಲ್ಪ ಸುಣ್ಣವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ. ಗಾಡಿಯ ಅಡಿಗೆ ಮಲಗಿ, ತಗ್ಗಿನಲ್ಲಿ ಕಾಣುವ ಭಾಗಗಳಿಗೆಲ್ಲ ಬ್ರಶ್ಶಿನಿಂದ ಬಳಿಯಿರಿ. ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಕೂಡಿಸುವ ಅಡ್ಡ ದಂಡ) ನಡುವಿನ ಉಂಡೆಯಂಥ ಹೌಸಿಂಗ್, ಗೇರ್‌ಬಾಕ್ಸ್ ಅಡಿಯ ಅಡ್ಡಪಟ್ಟಿ, ಮುಂದಿನ ತಗಡು, ಎರಡೂ ಬದಿಯ ಫುಟ್‌ಸ್ಟೆಪ್, ಒಂದನ್ನೂ ಬಿಡಬೇಡಿ. ಒಣಗಿದ ಮೇಲೆ ಅದೇ ದಾರಿಯಲ್ಲಿ ಹೋಗಿ ಬನ್ನಿ. ವಾಪಸ್ ಬಂದು ಟಾರ್ಚ್ ಹಿಡಿದು ನೋಡಿದರೆ ಎಲ್ಲಿ ಸುಣ್ಣ ಉಜ್ಜಿಹೋಗಿ ಕೆಂಪು ಮಣ್ಣು ಕೂತಿದೆಯೋ ಅಲ್ಲೇ ತಾಗುತ್ತಿರುವುದು. ಹತ್ತು ನಿಮಿಷದ ಕೆಲಸ, ಆದರೆ ಲಿಫ್ಟ್ ಹಾಕಿಸಿದವರಲ್ಲಿ ಇದನ್ನು ಮಾಡಿ ನೋಡಿದವರು ನನಗೆ ಸಿಕ್ಕಿದ್ದು ತುಂಬಾ ಕಡಿಮೆ.

ಇದು ಯಾಕೆ ಮುಖ್ಯ ಅಂದರೆ, ಥಾರ್‌ನ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ, ಹಿಂದೆ ಮಾತ್ರ ಒಂದೇ ಗಟ್ಟಿ ಆಕ್ಸಲ್. ಆ ಆಕ್ಸಲ್ ಸ್ಪ್ರಿಂಗಿನ ಕೆಳಗೆ ಇರುವಂಥದ್ದು. ಸ್ಪ್ರಿಂಗ್ ಉದ್ದ ಮಾಡಿದರೆ ಬಾಡಿ, ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ಹೋಗುತ್ತವೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟಯರ್ ಒಂದೇ, ಅದೂ ಟಯರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧ ಮಾತ್ರ. ನಿಮ್ಮ 255/65 ಆರ್18 ಟಯರ್ ಸುಮಾರು 789 ಮಿ.ಮೀ. ಎತ್ತರ. ಅದರ ಜಾಗದಲ್ಲಿ 255/70 ಹಾಕಿದರೆ 814 ಆಗುತ್ತದೆ, ಆಕ್ಸಲ್ ಮೇಲೆ ಬರುವುದು ಬರೀ 13 ಮಿ.ಮೀ. ಮೀಟರಿನಲ್ಲಿ 80 ತೋರಿಸುವಾಗ ನಿಜವಾದ ವೇಗ ಮೊದಲಿಗಿಂತ ಎರಡೂವರೆ ಕಿಲೋಮೀಟರ್ ಜಾಸ್ತಿ ಇರುತ್ತದೆ, ಅದೂ ನೆನಪಿರಲಿ. ಅಂದರೆ ನಿಮ್ಮ ಸುಣ್ಣ ಹೋಗಿದ್ದು ಹಿಂದಿನ ಹೌಸಿಂಗಿನಲ್ಲಿ ಆಗಿದ್ದರೆ, ಮೂರು ಇಂಚು ಅಲ್ಲ, ಐದು ಇಂಚು ಎತ್ತರಿಸಿದರೂ ಆ ದಿಣ್ಣೆ ತಾಗಿಯೇ ತಾಗುತ್ತದೆ. ಆಗ ಆ ದುಡ್ಡಿನಲ್ಲಿ ಎರಡು ಲೋಡು ಜಲ್ಲಿ ತರಿಸಿ ಹೊಂಡಗಳಿಗೆ ಹಾಕಿಸಿ. ಅಲ್ಲಿಯವರೆಗೆ ಎರಡೂ ಚಕ್ರ ಹೊಂಡಕ್ಕೆ ಇಳಿಸುವ ಬದಲು ಒಂದು ಬದಿಯ ಚಕ್ರವನ್ನು ನಡುವಿನ ದಿಣ್ಣೆಯ ಮೇಲೆ, ಇನ್ನೊಂದನ್ನು ಅಂಚಿನ ಮೇಲೆ ಇಟ್ಟು ನಿಧಾನಕ್ಕೆ ಹೋಗಿ.

ಸುಣ್ಣ ಉಜ್ಜಿದ್ದು ಗೇರ್‌ಬಾಕ್ಸ್ ಅಡಿಯಲ್ಲೋ ಫುಟ್‌ಸ್ಟೆಪ್‌ನಲ್ಲೋ ಆಗಿದ್ದರೆ ವಿಷಯ ಬೇರೆ. ಅಲ್ಲಿ ಒಂದೂವರೆ ಇಂಚು ಸಿಕ್ಕರೂ ವ್ಯತ್ಯಾಸ ಗೊತ್ತಾಗುತ್ತದೆ. ಕಂಪನಿ ಲೆಕ್ಕದಲ್ಲಿ ಥಾರ್‌ಗೆ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಅಂತರ) ಉಂಟು, ಅದೇನು ಕಡಿಮೆ ಅಲ್ಲ. ದಿನಾ ಓಡಿಸುವ ಗಾಡಿಗೆ ಒಂದೂವರೆ, ಹೆಚ್ಚೆಂದರೆ ಎರಡು ಇಂಚು. ಅದರ ಮೇಲೆ ಹೋದರೆ ಇಂಜಿನ್ ಶಕ್ತಿಯನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಶಾಫ್ಟುಗಳು ಓರೆಯಾಗಿ ಓಡಬೇಕಾಗುತ್ತದೆ. ಅವುಗಳ ಜಾಯಿಂಟ್ ಮುಚ್ಚಿರುವ ರಬ್ಬರ್ ಬೂಟು ಬೇಗ ಹರಿದು ಗ್ರೀಸ್ ಹೊರಗೆ ಚಿಮ್ಮುತ್ತದೆ, ಅಲ್ಲಿಂದ ಕೆಸರು ಒಳಗೆ ಹೋದರೆ ಜಾಯಿಂಟ್ ಮುಗಿದ ಹಾಗೆ. ಚಕ್ರವನ್ನು ಚಾಸಿಗೆ ಹಿಡಿದಿರುವ ಮೇಲಿನ ಆರ್ಮ್ ಕೂಡ ಬೇರೆ ಹಾಕಬೇಕಾಗಿ ಬರುತ್ತದೆ. ಖರ್ಚಿನ ಮೇಲೆ ಖರ್ಚು.

ಸ್ಪೇಸರ್ ಯಾಕೆ ಬೇಡ ಅಂತ ಕೇಳುತ್ತೀರಿ. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ತಲೆಯ ಮೇಲೆ ಒಂದು ದಪ್ಪ ಬಿಲ್ಲೆ ಕೂರಿಸಿದರೆ ಇಡೀ ಸ್ಟ್ರಟ್ ಅಷ್ಟು ಕೆಳಗೆ ಬರುತ್ತದೆ. ಸ್ಟ್ರಟ್ ಕೂತಿರುವುದು ಆರ್ಮಿನ ನಡುವೆ, ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಒಂದು ಇಂಚಿನ ಬಿಲ್ಲೆಗೆ ಚಕ್ರದ ಹತ್ತಿರ ಒಂದೂವರೆಯಿಂದ ಎರಡು ಇಂಚು ಎತ್ತರ ಸಿಗುತ್ತದೆ. ಕಣ್ಣಿಗೆ ಚೆಂದ. ಆದರೆ ಹಳೆಯದೇ ಸ್ಪ್ರಿಂಗ್, ಹಳೆಯದೇ ಶಾಕ್ ಅಬ್ಸಾರ್ಬರ್. ಚಕ್ರ ಹೊಂಡಕ್ಕೆ ಇಳಿದಾಗ ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಕೆಳಗೆ ಜೋತು ಬಿದ್ದು ಆರ್ಮಿನ ತುದಿಯ ಕೀಲಾದ ಬಾಲ್ ಜಾಯಿಂಟನ್ನು ಎಳೆಯುತ್ತದೆ, ಮೇಲೆ ಒತ್ತಿದಾಗ ಶಾಕ್ ತನ್ನ ತಳ ಮುಟ್ಟುತ್ತದೆ. ಬಿಲ್ಲೆಯನ್ನು ಸ್ಪ್ರಿಂಗ್ ಮತ್ತು ಅದರ ಬಟ್ಟಲಿನ ನಡುವೆ ಹಾಕುವ ಕ್ರಮವೂ ಉಂಟು. ಅದರಲ್ಲಿ ಚಕ್ರ ಕೆಳಗೆ ಇಳಿಯಲು ಜಾಗವೇ ಉಳಿಯುವುದಿಲ್ಲ, ಪ್ರತಿ ಹಂಪ್ ದಾಟಿದ ಮೇಲೆ ಮುಂದಿನಿಂದ ಟಕ್ ಅಂತ ಸದ್ದು ಬರುತ್ತದೆ. ಪೆರ್ಡೂರಿನಿಂದ ಮಣಿಪಾಲಕ್ಕೆ ಎಷ್ಟು ಹಂಪ್ ಇವೆ ಅಂತ ನಿಮಗೇ ಗೊತ್ತುಂಟಲ್ವಾ?

ಹಾಕಿಸುವುದೇ ಆದರೆ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಎರಡೂ ಸೇರಿ ಬರುವ ಕಿಟ್ ತೆಗೆದುಕೊಳ್ಳಿ. ಆಯ್ಕೆ ಮಾಡುವಾಗ ಇಂಚು ಕೇಳಬೇಡಿ, ತೂಕ ಕೇಳಿ. ಒಳ್ಳೆಯ ಕಂಪನಿಗಳು ಒಂದೇ ಎತ್ತರಕ್ಕೆ ಎರಡು ಮೂರು ಬಗೆಯ ಸ್ಪ್ರಿಂಗ್ ಮಾಡುತ್ತವೆ, ಖಾಲಿ ಗಾಡಿಗೆ ಒಂದು, ಕಬ್ಬಿಣದ ಬಂಪರ್ ಮತ್ತು ವಿಂಚ್ (ಹೂತ ಗಾಡಿ ಎಳೆಯುವ ಯಂತ್ರ) ಇರುವ ಗಾಡಿಗೆ ಇನ್ನೊಂದು. ಮುಂದೆ ಯಾವತ್ತಾದರೂ ವಿಂಚ್ ಹಾಕಿಸಿಯೇನು ಅಂತ ಈಗಲೇ ಭಾರದ ಸ್ಪ್ರಿಂಗ್ ತಂದರೆ ಗಾಡಿ ಕಲ್ಲಿನ ಹಾಗೆ ಓಡುತ್ತದೆ, ಅಮ್ಮ ಎರಡನೇ ದಿನ ಹತ್ತಲು ಒಪ್ಪುವುದಿಲ್ಲ. ಹತ್ತಿರದ ವೇಬ್ರಿಜ್‌ಗೆ ಹೋಗಿ, ನೀವು ದಿನಾ ಹೋಗುವ ಹಾಗೆಯೇ ಸಾಮಾನು, ಅರ್ಧ ಟ್ಯಾಂಕ್ ಡೀಸೆಲ್ ಸಮೇತ, ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಚೀಟಿ ತೆಗೆದುಕೊಳ್ಳಿ, ಆಮೇಲೆ ಹಿಂದಿನದ್ದು. ಆ ಎರಡು ಚೀಟಿ ಕಿಟ್ ಮಾರುವವರ ಮುಂದೆ ಇಡಿ. ಅದನ್ನು ನೋಡದೆಯೇ ಸ್ಪ್ರಿಂಗ್ ಹೇಳುವವರ ಹತ್ತಿರ ವ್ಯವಹಾರ ಬೇಡ.

ಅಪ್ಪ ಅಮ್ಮನ ವಿಷಯಕ್ಕೆ ಒಂದು ಸುಲಭದ ಪರೀಕ್ಷೆ. ಎರಡು ಇಂಚು ದಪ್ಪದ ನಾಲ್ಕು ಹಲಗೆ ಹುಡುಕಿ ಅಂಗಳದಲ್ಲಿ ನಾಲ್ಕೂ ಚಕ್ರದ ಅಡಿಗೆ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ. ಈಗ ಅಪ್ಪನಿಗೆ ಹತ್ತಿ ಇಳಿಯಲು ಹೇಳಿ. ಅವರು ಬಾಗಿಲು ಹಿಡಿದು ಒಂದು ಕ್ಷಣ ನಿಂತು ಯೋಚಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಇನ್ನು ಕಾನೂನು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ಮೂಲ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿದಿದೆ. 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತ ಆದಾಗ ತಿಳಿಸದೆ ಮಾಡಿದ ಮಾರ್ಪಾಡು ಅಂತ ಇನ್ಶೂರೆನ್ಸಿನವರೂ ತಕರಾರು ತೆಗೆಯುತ್ತಾರೆ. ಹಾಗಾಗಿ ಕಿಟ್‌ಗೆ ಮುಂಗಡ ಕೊಡುವ ಮೊದಲೇ ಉಡುಪಿ ಆರ್‌ಟಿಒ ಕಚೇರಿಗೆ ಮತ್ತು ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ತೆಗೆದುಕೊಳ್ಳಿ. ಬಾಯಿಮಾತಿನ ‘ಏನೂ ಆಗೋದಿಲ್ಲ’ ಬೇಡ. ಒಪ್ಪಿಗೆ ಸಿಗದಿದ್ದರೆ ಕಂಪನಿಯ ಎತ್ತರದಲ್ಲೇ ಒಳ್ಳೆಯ ಗ್ರಿಪ್ಪಿನ ಟಯರ್ ಮತ್ತು ಅಡಿಗೆ ಗಟ್ಟಿ ತಗಡು, ಇಷ್ಟರಲ್ಲೇ ನಿಮ್ಮ ಒಂದೂವರೆ ಕಿಲೋಮೀಟರ್ ಆರಾಮವಾಗಿ ದಾಟುತ್ತೀರಿ. ನಿಜ ಹೇಳಬೇಕೆಂದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮಾಡುತ್ತಿದ್ದದ್ದೂ ಅದನ್ನೇ.

ಪ್ರಶ್ನೆ: ಸುರತ್ಕಲ್‌ನಿಂದ ಬರೆಯುತ್ತಿದ್ದೇನೆ. ಜಿಮ್ನಿಗೆ ಎರಡು ಇಂಚಿನ ಸ್ಪ್ರಿಂಗ್ ಹಾಕಿಸಿ ತಿಂಗಳಾಯಿತು. ಹೆದ್ದಾರಿಯಲ್ಲಿ 80 ದಾಟಿದರೆ ಗಾಡಿ ಆಚೆ ಈಚೆ ಎಳೆಯುತ್ತದೆ, ಸ್ಟೀರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ.

ಉತ್ತರ: ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ನೋಡಿರುತ್ತಾರೆ. ನಿಮ್ಮ ತೊಂದರೆ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಅಕ್ಷದ ವಾಲು. ಸೈಕಲಿನ ಮುಂದಿನ ಫೋರ್ಕ್ ನೋಡಿ, ನೆಟ್ಟಗಿಲ್ಲ, ಹಿಂದಕ್ಕೆ ವಾಲಿಕೊಂಡಿದೆ. ಕೈ ಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಆ ವಾಲು ದೊಡ್ಡ ಆಸರೆ. ಜಿಮ್ನಿಯ ಮುಂದೆಯೂ ಗಟ್ಟಿ ಆಕ್ಸಲ್, ಅದನ್ನು ಹಿಡಿದಿರುವ ಎರಡು ಆರ್ಮ್ ಚಾಸಿಗೆ ಕೂಡಿವೆ. ಚಾಸಿ ಮೇಲೆ ಹೋದಾಗ ಆ ಆರ್ಮ್ ಓರೆಯಾಗಿ ಆಕ್ಸಲನ್ನು ಮುಂದಕ್ಕೆ ತಿರುಗಿಸುತ್ತವೆ, ವಾಲು ಕಡಿಮೆಯಾಗುತ್ತದೆ. ಇದಕ್ಕೆ ಆರ್ಮಿನ ಕೀಲಿಗೆ ಹಾಕುವ, ಕ್ಯಾಸ್ಟರ್ ಸರಿಮಾಡುವ ಬುಷ್ ಸಿಗುತ್ತವೆ, ಹಾಕಿಸಿ ಕ್ಯಾಸ್ಟರ್ ಎಷ್ಟು ಡಿಗ್ರಿ ಅಂತ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಹಾಗೆಯೇ ಆಕ್ಸಲನ್ನು ಅಡ್ಡಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಎತ್ತರಿಸಿದಾಗ ಆಕ್ಸಲನ್ನು ಒಂದು ಬದಿಗೆ ಎಳೆದಿರುತ್ತದೆ. ಎಡಬಲ ಮಡ್‌ಗಾರ್ಡಿನಿಂದ ಟಯರ್ ಎಷ್ಟು ಹೊರಗಿದೆ ಅಳೆದು ನೋಡಿ. ವ್ಯತ್ಯಾಸ ಇದ್ದರೆ ಉದ್ದ ಹೊಂದಿಸಬಹುದಾದ ರಾಡ್ ಬೇಕು. ಬ್ರೇಕ್ ಪೈಪು ಚಕ್ರ ಪೂರ್ತಿ ಜೋತು ಬಿದ್ದಾಗ ಬಿಗಿಯುತ್ತದೆಯೋ ಅದನ್ನೂ ನೋಡಿಸಿ.

ನಾನು ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ವರ್ಷಗಳ ಹಿಂದೆ ನನ್ನ ಜಿಪ್ಸಿಗೆ ಎತ್ತರದ ಆಸೆಗೆ ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿದ್ದೆ. ಜೂನ್ ತಿಂಗಳು, ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಕಡಲಿನಿಂದ ಗಾಳಿ ಬೀಸಿದ್ದೇ ಗಾಡಿ ಪಕ್ಕದ ಲಾರಿಯ ಕಡೆಗೆ ಜಾರಿತು, ಸ್ಟೀರಿಂಗ್ ತಿರುಗಿಸಿದರೆ ತಿರುಗಿಸಿದಲ್ಲೇ ಉಳಿಯಿತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಮರುದಿನವೇ ಹಳೆಯ ಶ್ಯಾಕಲ್ ವಾಪಸ್ ಹಾಕಿಸಿದೆ. ನಿಮ್ಮ ಗಾಡಿ ಸರಿಯಾಗುವವರೆಗೆ 60ರ ಒಳಗೆ ಓಡಿಸಿ, ದಯವಿಟ್ಟು.

ಪ್ರಶ್ನೆ: ಲಿಫ್ಟ್ ಹಾಕಿಸಿದ ಮೇಲೆ ಕರಾವಳಿಯಲ್ಲಿ ಏನೇನು ನೋಡಿಕೊಳ್ಳಬೇಕು? (ಮಲ್ಪೆ)

ಉತ್ತರ: ಗ್ಯಾರೇಜಿನಲ್ಲಿರುವಾಗಲೇ ಒಂದು ಮಾತು ಹೇಳಿ. ಆರ್ಮ್‌ಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲಿರುವಾಗ ಕೊನೆಯ ಬಿಗಿ ಮಾಡಬಾರದು. ಚಕ್ರ ನೆಲಕ್ಕೆ ಇಳಿಸಿ, ಪೂರ್ತಿ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟಿಗೆ ತುಕ್ಕು ಹಿಡಿಯದ ಪೇಸ್ಟ್ ಹಚ್ಚಿಸಿ, ನಮ್ಮ ಕಡೆ ಬೋಲ್ಟು ಬುಷ್ಷಿನ ಒಳಗೇ ತುಕ್ಕು ಹಿಡಿದು ಕೂತರೆ ಗ್ಯಾಸ್ ಕಟ್ಟರ್ ಹಿಡಿದೇ ತೆಗೆಯಬೇಕು. 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟು ಮತ್ತೆ ಬಿಗಿ ನೋಡಿಸಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಅಲೈನ್‌ಮೆಂಟ್ ಕೂಡ ಇನ್ನೊಮ್ಮೆ. ಹೆಡ್‌ಲೈಟ್ ಕೆಳಗೆ ತಿರುಗಿಸುವುದನ್ನು ಮರೆಯಬೇಡಿ, ಮಳೆಯ ರಾತ್ರಿ ಎದುರು ಬರುವ ಬೈಕಿನವನಿಗೆ ಕಣ್ಣೇ ಕಾಣುವುದಿಲ್ಲ. ನಿಮ್ಮದು ಮಲ್ಪೆ ಅಂದರೆ ಹೊಯಿಗೆಗೆ ಇಳಿಯದಿದ್ದರೂ ಮೀನಿನ ಲಾರಿಯಿಂದ ಸುರಿಯುವ ಉಪ್ಪುನೀರು ಸಾಕು. ವಾರಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು ಬಿಡಿ, ಸ್ಪ್ರಿಂಗಿನ ಬಣ್ಣ ಎದ್ದ ಜಾಗಕ್ಕೆ ಅವತ್ತೇ ಬಣ್ಣ ಹಚ್ಚಿ.

ಪ್ರಶ್ನೆ: ಬೆಳ್ತಂಗಡಿ ಕಡೆ ನಮ್ಮದು ಅಡಿಕೆ ತೋಟ. ಹಳೆಯ ಮೇಜರ್ ಜೀಪಿನ ಹಿಂಭಾಗ ಕುಸಿದಿದೆ. ಸ್ಪ್ರಿಂಗ್ ಪಟ್ಟಿ ಒಂದು ಜಾಸ್ತಿ ಹಾಕಿಸಲೇ?

ಉತ್ತರ: ವರ್ಷವಿಡೀ ಗೋಣಿ ಹೇರುವುದಾದರೆ ಹಾಕಿಸಿ. ಕೊಯ್ಲಿನ ಎರಡು ತಿಂಗಳಿಗೆ ಮಾತ್ರ ಅಂದರೆ ಬೇಡ. ಈಗಿರುವ ಪಟ್ಟಿಗಳನ್ನೇ ಬಿಚ್ಚಿಸಿ ಕಮಾನು ಸರಿಮಾಡಿಸಿ, ಬಿರುಕು ಬಿಟ್ಟದ್ದು ಬದಲಾಯಿಸಿ, ಶ್ಯಾಕಲ್ ಬುಷ್ ಹೊಸದು ಹಾಕಿಸಿ. ತೋಡು ದಾಟುವ ಜೀಪಾದರೆ ಬಿಚ್ಚಿದ ದಿನವೇ ಆಕ್ಸಲ್ಲಿನ ಬ್ರೀದರ್ (ಗಾಳಿಯಾಡುವ ಚಿಕ್ಕ ಕಿಂಡಿ) ನೋಡಿಸಿ, ನಡುವಿನ ಉಂಡೆಯ ಒಳಗಿನ ಡಿಫರೆನ್ಷಿಯಲ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಒಳಗೆ ಹೋಗಿದೆ, ಆಯಿಲ್ ಪೂರ್ತಿ ಬದಲಾಯಿಸಿ.