ಸೈನಿಕರಿಗಾಗಿ ನಡೆಯುವ ಸಂಶೋಧನೆಯಿಂದ ಮಲೆನಾಡಿಗೇನು ಪ್ರಯೋಜನ?

ಸೈನಿಕರ ಸಾಮರ್ಥ್ಯ ಮತ್ತು ಸುರಕ್ಷತೆ ಹೆಚ್ಚಿಸುವ ಸಂಶೋಧನೆ ಊರಿನವರಿಗೂ ಒದಗುತ್ತದೆಯೇ ಎಂಬ ಪ್ರಶ್ನೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಉತ್ತರವಿದೆ: ಮಂಗನ ಕಾಯಿಲೆ ತಡೆಯಲು ಹಂಚುವ ಡೇಪಾ ತೈಲ.

ಕಾಡಿನಲ್ಲಿ ಕಾವಲಿರುವ ಸೈನಿಕನನ್ನು ಗುಂಡಿಗಿಂತ ಮೊದಲು ಜ್ವರವೇ ಮಲಗಿಸಬಹುದು. ಆದ್ದರಿಂದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯವು ಸೊಳ್ಳೆ, ಉಣ್ಣೆ, ಜಿಗಣೆಗಳನ್ನು ದೂರವಿಡುವ ಡೈಈಥೈಲ್ ಫಿನೈಲ್ ಅಸಿಟಮೈಡ್ (ಚಿಕ್ಕದಾಗಿ ಡೇಪಾ) ಎಂಬ ರಾಸಾಯನಿಕವನ್ನು ಅಭಿವೃದ್ಧಿಪಡಿಸಿತು. ವಿದೇಶಗಳಲ್ಲಿ ಇದೇ ಕೆಲಸಕ್ಕೆ ಬಳಕೆಯಲ್ಲಿದ್ದ ಡೀಟ್‌ ಎಂಬ ರಾಸಾಯನಿಕ ತಯಾರಿಸಲು ಬೇಕಾದ ಕಚ್ಚಾವಸ್ತು ಇಲ್ಲಿ ಸುಲಭವಾಗಿ ಸಿಗದಿದ್ದುದು ಇದಕ್ಕೆ ಮುಖ್ಯ ಕಾರಣ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವನ್ನು ಹರಡುವುದು ಉಣ್ಣೆಯೇ. ಮಳೆಗಾಲ ಕಳೆದ ಮೇಲೆ, ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುವವರ ಕಾಲಿಗೆ ಹತ್ತುವುದು ಹೆಚ್ಚಾಗಿ ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣ್ಣೆಗಳು. ಎಲೆಯಂಚಿನಲ್ಲಿ ಮುಂಗಾಲು ಚಾಚಿ ಕಾಯುವ ಅವು ಆ ಕಾಲುಗಳಲ್ಲಿರುವ ಸೂಕ್ಷ್ಮ ಅಂಗದಿಂದಲೇ ನಮ್ಮ ಉಸಿರು, ಮೈಬಿಸಿ, ವಾಸನೆಗಳನ್ನು ಗ್ರಹಿಸುತ್ತವೆ. ಡೇಪಾದಂತಹ ವಿಕರ್ಷಕ (ಕೀಟಗಳನ್ನು ದೂರವಿಡುವ ವಸ್ತು) ಆ ಹುಡುಕಾಟವನ್ನು ಕೆಡಿಸುತ್ತದೆ, ಆದರೆ ಉಣ್ಣೆಯನ್ನು ಕೊಲ್ಲುವುದಿಲ್ಲ. ಎಣ್ಣೆ ಹಚ್ಚಿದ್ದೇನಲ್ಲ ಎಂದು ಬರಿಗಾಲಲ್ಲಿ ಕಾಡಿಗಿಳಿಯುವುದನ್ನು ನಾನಂತೂ ಒಪ್ಪಲಾರೆ.

ಕಾಡಿಗೆ ಹೊರಡುವ ಮೊದಲು ಈ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು. ಬೆವರಿಗೆ ಪರಿಣಾಮ ಬೇಗ ಕುಗ್ಗುವುದರಿಂದ, ಇಡೀ ದಿನದ ಕೆಲಸವಿದ್ದರೆ ಸೂಚನೆಯಂತೆ ಮತ್ತೆ ಹಚ್ಚಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು ಮತ್ತು ಮೊಣಕಾಲಿನ ಹಿಂಭಾಗವನ್ನು ಪರೀಕ್ಷಿಸಿಕೊಳ್ಳಬೇಕು.