ಹುಂಡಿಯ ಕಾಣಿಕೆ ಮತ್ತು ನೆಲದಡಿಯ ಕೊಳವೆ

ಓದುಗರ ಪತ್ರ: ‘ಇಂಗಾಲ ತಟಸ್ಥ’ (ಅಂದರೆ ಬಿಟ್ಟ ಹೊಗೆಯನ್ನೆಲ್ಲ ಸರಿದೂಗಿಸಿದ್ದೇವೆ ಎನ್ನುವ) ವಿಶ್ವವಿದ್ಯಾಲಯಗಳ ಬಗ್ಗೆ ನಿಮ್ಮ ಟಿಪ್ಪಣಿ ಓದಿದೆ. ತಾವು ಬಿಟ್ಟ ಹೊಗೆಗೆ ಇನ್ನೆಲ್ಲೋ ದುಡ್ಡು ಕಟ್ಟಿ ಕೈ ತೊಳೆದುಕೊಳ್ಳುವುದಕ್ಕೂ ಪಾಪ ಮಾಡಿ ಹುಂಡಿಗೆ ಕಾಣಿಕೆ ಹಾಕುವುದಕ್ಕೂ ಏನು ವ್ಯತ್ಯಾಸ?
– ಒಬ್ಬ ನಿವೃತ್ತ ಅಧ್ಯಾಪಕ, ತುಮಕೂರು

ಸಂಪಾದಕರ ಉತ್ತರ:

ಮಾನ್ಯರೇ,

ಹುಂಡಿಯ ಮಾತು ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕರು. ಟಿಪ್ಪಣಿ ಬರೆದವನು ನಾನಾದ್ದರಿಂದ ನನಗೆ ಅಷ್ಟು ನಗು ಬರಲಿಲ್ಲ.

ನಿಮ್ಮ ಆಕ್ಷೇಪ ಅರ್ಧ ಸರಿ. ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿ 2018ರಲ್ಲಿ ತಾನು ಇಂಗಾಲ ತಟಸ್ಥವೆಂದು ಸಾರಿತು. ವಿದ್ಯುತ್ತಿನ ಅರ್ಧದಷ್ಟು ನಾರ್ತ್ ಕೆರೊಲಿನಾದ ಸೌರ ಸ್ಥಾವರಗಳದ್ದು, ನಿಜ. ಆದರೆ ವಿಮಾನ ಪ್ರಯಾಣದಂಥ ಬಾಬ್ತುಗಳನ್ನು ಸರಿದೂಗಿಸಿದ್ದು ಕಾರ್ಬನ್ ಕ್ರೆಡಿಟ್ ಕೊಂಡು, ಅಂದರೆ ಇನ್ನೆಲ್ಲೋ ಹೊಗೆ ತಗ್ಗಿಸಿದ ಲೆಕ್ಕವನ್ನು ದುಡ್ಡು ಕೊಟ್ಟು ತನ್ನದಾಗಿಸಿಕೊಂಡು. 2025ರೊಳಗೆ ತಟಸ್ಥವಾಗುತ್ತೇವೆಂದು 2013ರಲ್ಲಿ ಪಣ ತೊಟ್ಟಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ 2023ರಲ್ಲಿ ದಾರಿಯನ್ನೇ ಬದಲಿಸಿತು: ಕ್ರೆಡಿಟ್‌ಗಳ ಗೊಡವೆ ಬಿಟ್ಟು, ಸ್ವಂತ ಹೊಗೆಯನ್ನೇ 2045ರೊಳಗೆ 2019ರ ಮಟ್ಟಕ್ಕಿಂತ ಶೇ 90ರಷ್ಟು ಇಳಿಸುವುದು. ಹುಂಡಿಯ ಅನುಮಾನ ಅವರಿಗೂ ಬಂದಿರಬೇಕು.

ಉಳಿದರ್ಧಕ್ಕೆ ಕ್ಯಾಲಿಫೋರ್ನಿಯಾದ ಇನ್ನೊಂದು ವಿಶ್ವವಿದ್ಯಾಲಯ ಸ್ಟ್ಯಾನ್‌ಫೋರ್ಡ್ ನೋಡಿ. ಅಲ್ಲಿ ಅನಿಲ ಉರಿಸಿ ಉಗಿ ಮಾಡಿ ಕಟ್ಟಡಗಳನ್ನು ಬೆಚ್ಚಗಿಡುತ್ತಿದ್ದರು. ಅದೇ ಹೊತ್ತಿಗೆ ಪ್ರಯೋಗಾಲಯಗಳನ್ನೂ ಕಂಪ್ಯೂಟರ್ ಕೋಣೆಗಳನ್ನೂ ತಂಪಾಗಿಸಿ, ಅಲ್ಲಿಂದ ತೆಗೆದ ಶಾಖವನ್ನು ಕೂಲಿಂಗ್ ಟವರುಗಳ ಮೂಲಕ ಆಕಾಶಕ್ಕೆ ಬಿಡುತ್ತಿದ್ದರು. ಒಂದು ಕೈಯಲ್ಲಿ ಬಿಸಿನೀರು ಚೆಲ್ಲುತ್ತ ಇನ್ನೊಂದು ಕೈಯಲ್ಲಿ ಒಲೆಗೆ ಸೌದೆ ತುಂಬಿದ ಹಾಗೆ! ಎಂಜಿನಿಯರುಗಳು ಗಂಟೆಗಂಟೆಯ ದಾಖಲೆ ತಾಳೆ ನೋಡಿದಾಗ, ಬೇಕಾದ ಶಾಖದ ಬಹುಪಾಲು ಚೆಲ್ಲುತ್ತಿದ್ದ ಶಾಖದಲ್ಲೇ ಇತ್ತು. ನಿಮ್ಮ ಮನೆಯ ಫ್ರಿಜ್ಜಿನ ಬೆನ್ನ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತದಲ್ಲ, ಒಳಗಿನಿಂದ ತೆಗೆದ ಆ ಶಾಖವನ್ನು ಚೆಲ್ಲದೆ ನೀರು ಕಾಯಿಸಲು ಬಳಸುವುದು, ಉಪಾಯ ಅಷ್ಟೇ. ಅದಕ್ಕಾಗಿ ಹಳೆಯ ಉಗಿ ಕೊಳವೆಗಳನ್ನು ಬಿಟ್ಟು, ಬಿಸಿನೀರಿನ ಕೊಳವೆಗಳನ್ನು ಮೂವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹೂಳಿದರು. 155 ಕಟ್ಟಡಗಳನ್ನು ಅದಕ್ಕೆ ಹೊಂದಿಸಿದರು. ಬಿಸಿನೀರು, ತಣ್ಣೀರು ಕೂಡಿಡಲು ದೈತ್ಯ ತೊಟ್ಟಿಗಳನ್ನು ಕಟ್ಟಿದರು. 2015ರಲ್ಲಿ ಹಳೆಯ ಅನಿಲ ಸ್ಥಾವರಕ್ಕೆ ಬೀಗ ಬಿತ್ತು. ವರ್ಷಗಟ್ಟಲೆ ರಸ್ತೆ ಅಗೆಯುವ ಈ ಕೆಲಸದ ಮುಂದೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಎಷ್ಟು ಸುಲಭ!

2022ರಲ್ಲಿ ಎರಡನೆಯ ಸೌರ ಸ್ಥಾವರವೂ ಶುರುವಾಗಿ, ವರ್ಷಕ್ಕೆ ಬಳಸುವ ವಿದ್ಯುತ್ತಿನಷ್ಟನ್ನು ಸೂರ್ಯನಿಂದಲೇ ಉತ್ಪಾದಿಸುವಂತಾಯಿತು. ರಾತ್ರಿ ಗ್ರಿಡ್ಡಿನಿಂದ ಪಡೆದು ಹಗಲು ತುಂಬುವ ಲೆಕ್ಕ ಇದು. ಇಲ್ಲಿಯೂ ಜಮಾಖರ್ಚು ಬಂತು ಎಂದು ನೀವು ಇನ್ನೊಂದು ಪತ್ರ ಹಾಕುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕ್ರೆಡಿಟ್ ಕೊಂಡವರನ್ನೂ ಕೊಳವೆ ಹೂಳಿದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ನನ್ನ ಟಿಪ್ಪಣಿಯ ತಪ್ಪು. ಇನ್ನು ಮುಂದೆ ಇಂಥ ಸುದ್ದಿ ಹಾಕುವಾಗ ಎಷ್ಟು ಇಳಿಸಿದರು, ಎಷ್ಟು ಕೊಂಡರು ಎಂಬುದನ್ನು ಬೇರೆ ಬೇರೆಯಾಗಿ ಕೊಡುತ್ತೇವೆ.