ಗಾದೆಗೂ ಸುಣ್ಣ ಬೇಕು

“ಬೆಂಗಳೂರಿನ ಕೆಲಸ ಬಿಟ್ಟು 2 ವರ್ಷದ ಹಿಂದೆ ಶಿರಸಿ ಹತ್ತಿರದ ನಮ್ಮ ಊರಿಗೆ, ತೋಟಕ್ಕೆ ಬಂದೆ. ಅಪ್ಪ ಯಾವ ಮಾತಿಗೂ ನೇರ ಉತ್ತರ ಕೊಡುವುದಿಲ್ಲ, ಗಾದೆ ಹೇಳುತ್ತಾರೆ. ಸಾಲ ಮಾಡಿ ಅಡಿಕೆ ಸುಲಿಯುವ ಮಶಿನ್ ತರೋಣ ಅಂದರೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಈ ಸಲ ಮರ ಹತ್ತುವ ಕೊನೆಗೌಡ ಸಿಗದೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯುವುದು ತಡವಾಯಿತು. ನೆಂಟರ ಎದುರಿಗೇ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅಂದರು. ನಾನೂ ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಅಂದುಬಿಟ್ಟೆ. 20 ದಿನದಿಂದ ಮಾತಿಲ್ಲ. ಏನಿದ್ದರೂ ಆಯಿಯ (ಅಮ್ಮನ) ಮೂಲಕ. ಮೊದಲು ಯಾರು ಮಾತಾಡಬೇಕು?”
– ಹೆಸರು ಬೇಡ

ನೀವೇ ಮಾತಾಡಿ. ತಪ್ಪೆಲ್ಲ ನಿಮ್ಮದೇ ಅಂತಲ್ಲ. ಅಪ್ಪನಿಗೆ ಗಾದೆ ಬಿಟ್ಟು ಬೇರೆ ದಾರಿ ರೂಢಿಯಿಲ್ಲ, ನಿಮಗಿದೆ.

ಎಷ್ಟೋ ಗಾದೆಗಳ ಬಾಲದಲ್ಲಿ ಒಂದು ‘ಅಂತೆ’ ಇರುತ್ತದೆ, ಗಮನಿಸಿದ್ದೀರಾ? ನೆಲ ಡೊಂಕು ಅಂದಳಂತೆ. ಯಾರವಳು? ಗೊತ್ತಿಲ್ಲ. ಹೇಳಿದವರು ಜಗುಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತಾ ಆರಾಮಾಗಿ ಕೂರಬಹುದು. ‘ನಾನೆಲ್ಲಿ ಬೈದೆ? ಗಾದೆ ಹೇಳಿದೆನಪ್ಪ’ ಅಂದರೆ ಮುಗಿಯಿತು. ‘ಮದ್ದು ತಡವಾಯಿತು, ಕೊಳೆ ಬಂದರೆ ಏನು ಗತಿ ಅಂತ ನನಗೆ ಹೆದರಿಕೆ’ ಎಂದು ಮಗನಿಗೆ ಹೇಳಲು ಬಾಯಿ ಬಾರದವರಿಗೆ ಇದು ಬಹಳ ಅನುಕೂಲ. ನಮ್ಮ ಕಡೆಯ ಅಪ್ಪಂದಿರಲ್ಲಿ ಇಂಥವರೇ ಜಾಸ್ತಿ.

ಗಾದೆಗೆ ಎದುರು ಗಾದೆ ಹುಡುಕಬೇಡಿ. ಖಂಡಿತ ಸಿಗುತ್ತದೆ, ಅದೇ ತೊಂದರೆ. ‘ನಿಧಾನವೇ ಪ್ರಧಾನ’ ಅಂದರೆ ‘ಆಲಸ್ಯಂ ಅಮೃತಂ ವಿಷಂ’ ಇದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂದರೆ ‘ಹಣೆಬರಹಕ್ಕೆ ಹೊಣೆ ಯಾರು’ ಇದೆ. ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಕೃಷ್ಣ, ಕೌರವ ರಾತ್ರಿಯಿಡೀ ಹೀಗೆ ವಾದಿಸಲಿ, ಚಂದ. ಅವರು ಕೊನೆಯ ಮಂಗಳ ಹಾಡಿದ ಮೇಲೆ ಒಂದೇ ಬಟ್ಟಲಿನ ಕವಳ ಹಾಕುತ್ತಾರೆ. ನಿಮ್ಮ ಮನೆಯಲ್ಲಿ 20 ದಿನವಾದರೂ ಮಂಗಳವೇ ಆಗಿಲ್ಲ.

ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಅಪ್ಪನ ಗಾದೆ ನಿಮ್ಮ ಒಂದು ಕೆಲಸದ ಮೇಲಿತ್ತು. ನಿಮ್ಮದು ಅವರ ಇಡೀ ಬದುಕಿನ ಮೇಲೆ ಬಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ. (ಈಗಿನ ರೇಟಿಗೆ ಅಡಿಕೆಯೇನೂ ಸಣ್ಣದಲ್ಲ ಬಿಡಿ.)

ಕೊಳೆಗೆ ಹೊಡೆಯುವ ಬೋರ್ಡೋ ಮದ್ದು ಮಾಡುವುದು ನಿಮಗೆ ಗೊತ್ತು: 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಹೊಳೆಯುವ ಚೂರಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಉಳಿಸಬೇಕಾದ ಗಿಡವೇ ಸುಟ್ಟೀತು. ಗಾದೆಯೂ ಮೈಲುತುತ್ತೇ. ತನ್ನನ್ನೂ ಸೇರಿಸಿಕೊಂಡು ಹೇಳಿದರೆ ಸುಣ್ಣ ಬಿದ್ದ ಹಾಗೆ. ನೆಂಟರ ಎದುರು ನೀವಿಬ್ಬರೂ ಚೂರಿ ಅದ್ದಿ ನೋಡಲಿಲ್ಲ.

ಎರಡನೇ ಮದ್ದು 40–45 ದಿನಕ್ಕೆ ಬರುತ್ತದೆ, ಅಲ್ವಾ? ಹಾಗಾದರೆ ನಿಮಗೆ ಹೆಚ್ಚು ದಿನ ಇಲ್ಲ. ಅಪ್ಪ ಒಬ್ಬರೇ ಇದ್ದಾಗ, ತೋಟಕ್ಕೆ ಇಳಿಯುವ ದಾರಿಯಲ್ಲಾದರೂ ಸರಿ, ಹೀಗೆ ಹೇಳಿ: “ನೆಲ ಸರಿಯಾಗೇ ಇತ್ತು ಅಪ್ಪಾ, ಕುಣಿಯಲಾರದವ ನಾನೇ. ನೆಂಟರ ಎದುರು ಹಾಗಂದಿದ್ದು ತಪ್ಪಾಯ್ತು. ಕೊನೆಗೌಡನಿಗೆ ಈಗಲೇ ಹೇಳಿ ಬರ್ತೇನೆ, ಯಾವ ದಿನ ಇಟ್ಟುಕೊಳ್ಳೋಣ?” ಆ ಕೊನೆಯ ಪ್ರಶ್ನೆ ಮರೆಯಬೇಡಿ. ಯಾವ ದಿನ ಅಂತ ಕೇಳಿದರೆ ಗಾದೆಯಲ್ಲಿ ಉತ್ತರ ಕೊಡುವುದು ಕಷ್ಟ. ‘ಸೋಮವಾರ’ ಅನ್ನಲೇಬೇಕು. ಇದನ್ನು ಮಾತ್ರ ಆಯಿಯ ಕೈಲಿ ಹೇಳಿಸಬೇಡಿ, ಪಾಪ, ಅವರಿಗೆ 20 ದಿನದಿಂದ ಸಾಕಾಗಿದೆ.

ಮಶಿನ್ ಸುದ್ದಿ ಈಗ ಎತ್ತಬೇಡಿ. ಸುಲಿಯುವ ಕೂಲಿ ವರ್ಷಕ್ಕೆಷ್ಟು, ಸಾಲದ ಕಂತು ಎಷ್ಟು, ಒಂದು ಹಾಳೆಯಲ್ಲಿ ಬರೆದಿಡಿ. ಕೊಯ್ಲಿಗೆ ಮೊದಲು ಅವರ ಮುಂದೆ ಇಡಿ. ಆಗಲೂ ಹಾಸಿಗೆ ಅಂದರೆ, ಹಾಸಿಗೆ ಎಷ್ಟು ಉದ್ದ ಇದೆ ಅಪ್ಪಾ ಅಂತ ಕೇಳಿ. ನಗಬೇಡಿ.